ಎರಡೂ ಎಡಗೈ

ಅವನು ಅಂಗಿಯ ಗುಂಡಿಯನ್ನು ಮೂರನೆಯ ಸಲವೂ ತಪ್ಪು ಕಾಜಕ್ಕೆ ಸೇರಿಸಿಕೊಂಡದ್ದನ್ನು ಕಂಡು, ಒಗೆದ ಬಟ್ಟೆ ಮಡಿಸುತ್ತಿದ್ದ ಹೆಂಡತಿ ಕೈ ನಿಲ್ಲಿಸಿದಳು. "ಮೂವತ್ತು ವರ್ಷ ಕಂಡಕಂಡ ಗೊಂಬೆಗಳಿಗೆಲ್ಲ ಬಟ್ಟೆ ಹಾಕಿದೋರು ನೀವು. ನಿಮ್ಮದೊಂದು ಅಂಗಿ ನೆಟ್ಟಗೆ ಹಾಕ್ಕೊಳ್ಳೋಕೆ ಬರಲ್ವಲ್ಲ," ಎಂದಳು. ಅವನು ನಗಲು ನೋಡಿದ. ತುಟಿ ಮಾತ್ರ ಅಗಲವಾಯಿತು. ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಬಟ್ಟೆ ಅಂಗಡಿಯ ರಸ್ತೆ ಬದಿಯ ಗಾಜಿನೊಳಗೆ ಆಳೆತ್ತರದ ಗೊಂಬೆಗಳನ್ನು ನಿಲ್ಲಿಸಿ, ಪ್ರತಿ ಸೋಮವಾರ ಅವುಗಳ ಹಳೆಯ ಬಟ್ಟೆ ಬಿಚ್ಚಿ ಹೊಸದು ತೊಡಿಸುವುದೇ ಅವನ ಉದ್ಯೋಗವಾಗಿತ್ತು. ಅಂಗಡಿಯಲ್ಲಿ ಎಲ್ಲರಿಗೂ ಅವನು ಗೊಂಬೆಯಣ್ಣ. ಅಂಗಡಿ ಮುಚ್ಚಿ ಎರಡು ವರ್ಷವಾದರೂ ಆ ಹೆಸರು ಅವನನ್ನು ಬಿಟ್ಟಿರಲಿಲ್ಲ. "ಆ ಚೀಲದಲ್ಲಿ ಏನು?" ಎಂದು ಹೆಂಡತಿ ಕುರ್ಚಿಯ ಕಡೆ ಗದ್ದ ತಿರುವಿದಳು. "ಕೊಡೆ," ಎಂದ. ಹೊರಗೆ ಬಿಸಿಲು ಕಣ್ಣು ಚುಚ್ಚುತ್ತಿತ್ತು. ಅವಳು ಒಮ್ಮೆ ಕಿಟಕಿಯನ್ನೂ ಒಮ್ಮೆ ಅವನನ್ನೂ ನೋಡಿ, ಈ ಮನುಷ್ಯನಿಗೆ ಏನೋ ಆಗಿದೆ, ಸಂಜೆ ವಿಚಾರಿಸಿಕೊಂಡರಾಯಿತು ಎಂಬಂತೆ ಮತ್ತೆ ಬಟ್ಟೆ ಮಡಿಸತೊಡಗಿದಳು.

ಏನೋ ಆಗಿ ಎಂಟು ದಿನವಾಗಿತ್ತು. ಎಂಟು ದಿನದ ಹಿಂದೆ ಅಂಚೆಯಲ್ಲಿ ದಪ್ಪ ಕಾಗದದ ಆಮಂತ್ರಣವೊಂದು ಬಂದಿತ್ತು. ಅಂಗಡಿಯ ಮಾಲೀಕರ ಮೊಮ್ಮಗಳು ಫೋಟೋ ತೆಗೆಯುವುದನ್ನು ಕಲಿತು ಬಂದಿದ್ದಾಳೆ, ಗೋದಾಮಿನಲ್ಲಿ ಬಿದ್ದಿದ್ದ ಗೊಂಬೆಗಳ ಫೋಟೋ ತೆಗೆದು ಪ್ರದರ್ಶನಕ್ಕೆ ಇಟ್ಟಿದ್ದಾಳೆ, ಹಳೆಯ ಕೆಲಸಗಾರರೆಲ್ಲರನ್ನೂ ಕರೆದಿದ್ದಾಳೆ. ಎಲ್ಲ ಸಂತೋಷದ ಸಂಗತಿಯೇ. ಆದರೆ ಕಾಗದದ ಮೇಲೆ ಅಚ್ಚು ಹಾಕಿಸಿದ್ದ ಚಿತ್ರ ನೋಡಿ ಅವನು ಅದನ್ನು ಮಗುಚಿಟ್ಟ. ಬೂದು ಬಣ್ಣದ ಕೋಟಿನ ತೋಳು, ಅದರಿಂದ ಹೊರಬಂದ ಕೈ, ಅಂಗೈ ಹೊರಮುಖವಾಗಿ, 'ಅಲ್ಲೇ ನಿಲ್ಲು' ಎನ್ನುವಂತೆ. ಬೇರೆ ಯಾರು ನೋಡಿದರೂ ಅದೊಂದು ಗೊಂಬೆಯ ಕೈ. ಅವನಿಗೆ ಮಾತ್ರ ಗೊತ್ತಿತ್ತು, ಅದು ಏಳನೆಯ ನಂಬರಿನವಳ ಬಲ ಭುಜಕ್ಕೆ ತಾನೇ ಸಿಕ್ಕಿಸಿದ ಎಡಗೈ ಎಂದು. ಅಂಗಡಿಯಲ್ಲಿ ಬಟ್ಟೆಗಳನ್ನು ಅಳತೆಗೆ ಸರಿಮಾಡುತ್ತಿದ್ದ ಹೊಲಿಗೆಯಕ್ಕನಿಗೂ ಇದೇ ಕಾಗದ ಹೋಗಿರುತ್ತದೆ. ಅವಳ ಕಣ್ಣೋ, ಅರ್ಧ ನೂಲು ಓರೆಯಾದರೂ ಹಿಡಿಯುವ ಕಣ್ಣು. ಅವಳು ಆ ಗೋಡೆಯ ಮುಂದೆ ನಿಲ್ಲುವ ಮೊದಲೇ ತಾನು ಹೋಗಿ ಬಾಗಿಲಲ್ಲಿ ಕಾದು, ಹೇಳಬೇಕಾದ್ದನ್ನು ಹೇಳಿಬಿಡಬೇಕು. ಹದಿನಾಲ್ಕು ವರ್ಷ ಹೇಳದೇ ಇದ್ದದ್ದನ್ನು ಫೋಟೋ ಹೇಳಿತು ಎಂದಾಗಬಾರದು. ಚೀಲ ಹೆಗಲಿಗೇರಿಸಿಕೊಂಡು, ಗುಂಡಿ ಸರಿಯಾಗಿದೆಯೋ ಎಂದು ಮತ್ತೊಮ್ಮೆ ಮುಟ್ಟಿ ನೋಡಿಕೊಂಡು ಅವನು ಮೆಟ್ಟಿಲಿಳಿದ.

ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಂಗಸು ಎರಡು ನಿಲ್ದಾಣ ಸುಮ್ಮನಿದ್ದು ಮೂರನೆಯದಕ್ಕೆ "ಏನ್ರೀ ಅದು, ಚುಚ್ಚುತ್ತೆ," ಎಂದಳು. ಅವನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. ಬಟ್ಟೆಯ ಮೇಲಿನಿಂದ ಮಣಿಕಟ್ಟು ಸಿಕ್ಕಿತು, ಬಿರುಕು ಸಿಕ್ಕಿತು, ಎರಡು ಬೆರಳು ಮುರಿದ ಮೊಂಡುಗಳು ಸಿಕ್ಕವು. ಹದಿನಾಲ್ಕು ವರ್ಷದ ಹಿಂದಿನ ಆ ಸೋಮವಾರ ಅಂಗಡಿ ತೆರೆಯಲು ಇನ್ನೂ ಅರ್ಧ ಗಂಟೆ ಇತ್ತು. ಗೊಂಬೆಗೆ ಕೋಟು ಹಾಕುವುದೆಂದರೆ ಮೊದಲು ಎರಡೂ ಕೈಗಳನ್ನು ತಿರುಗಿಸಿ ಭುಜದಿಂದ ಬಿಚ್ಚಬೇಕು, ಮೈಗೆ ಕೋಟು ತೊಡಿಸಬೇಕು, ಆಮೇಲೆ ತೋಳಿನೊಳಗೆ ಕೈ ತೂರಿಸಿ ಮತ್ತೆ ತಿರುಗಿಸಿ ಕೂರಿಸಬೇಕು. ಬಿಚ್ಚಿದ ಬಲಗೈಯನ್ನು ಅವನು ಪಕ್ಕದಲ್ಲೇ ಇದ್ದ ಹೊಲಿಗೆಯಕ್ಕನ ಇಸ್ತ್ರಿ ಮೇಜಿನ ಮೇಲಿಟ್ಟಿದ್ದ. ಕಾಲರು ಕೂತದ್ದು ಹೇಗೆ ಕಾಣುತ್ತದೆಂದು ಎರಡು ಹೆಜ್ಜೆ ಹಿಂದೆ ಸರಿದ, ಸೊಂಟ ಮೇಜಿಗೆ ತಾಗಿತು, ಕೈ ಉರುಳಿ ನೆಲಕ್ಕೆ ಬಿತ್ತು. ಸದ್ದೇನೂ ದೊಡ್ಡದಲ್ಲ, ತಟ್ಟೆ ಬಿದ್ದಷ್ಟೇ. ಎರಡು ಬೆರಳು ಪರದೆಯ ಕೆಳಗೆ ಹೋದವು. ಅವನು ಬಗ್ಗಿ ಕೈಯನ್ನು ಎತ್ತಿ ಮತ್ತೆ ಅದೇ ಮೇಜಿನ ಮೇಲಿಟ್ಟ. ಯಾಕೆ ಅಲ್ಲೇ ಇಟ್ಟೆ? ಬೇರೆ ಜಾಗವಿರಲಿಲ್ಲವೇ? ನೆಲದ ಮೇಲೆ ಬಿಡಬಹುದಿತ್ತಲ್ಲ, ಕಂಕುಳಲ್ಲಿ ಇಟ್ಟುಕೊಳ್ಳಬಹುದಿತ್ತಲ್ಲ? ಹಲ್ಲುಜ್ಜುವಾಗ, ಹಾಲಿಗೆ ಸರದಿಯಲ್ಲಿ ನಿಂತಾಗ, ಎಷ್ಟೋ ಸಲ ಈ ಪ್ರಶ್ನೆ ಬಂದು ಎದುರಿಗೆ ಕೂತಿದೆ. ಅಷ್ಟರಲ್ಲಿ ಮ್ಯಾನೇಜರು ಬಂದರು. ಮೇಜಿನ ಮೇಲೆ ಮುರಿದ ಕೈ ನೋಡಿದರು. ಹೊಲಿಗೆಯಕ್ಕ ಇಸ್ತ್ರಿಗೆ ನೀರು ತರಲು ಹಿಂದಿನ ನಲ್ಲಿಗೆ ಹೋಗಿದ್ದಳು. "ಅವಳದೇ ಕೆಲಸ ತಾನೇ ಇದು?" ಎಂದರು ಮ್ಯಾನೇಜರು. ಅವನು ಮಂಡಿಯೂರಿ ಕೋಟಿನ ಅಂಚು ಹಿಡಿದಿದ್ದ, ತುಟಿಗಳ ನಡುವೆ ಐದಾರು ಗುಂಡುಸೂಜಿ ಕಚ್ಚಿಕೊಂಡಿದ್ದ. ಬಾಯಿ ತೆರೆದರೆ ಸೂಜಿ ಬೀಳುತ್ತವೆ. ಅವನು ಬಾಯಿ ತೆರೆಯಲಿಲ್ಲ.

ಸೂಜಿ ತೆಗೆದು ಮಾತಾಡಬಹುದಿತ್ತು. ಕೈಗಳಿದ್ದವಲ್ಲ, ಎರಡು, ಒಂದು ಎಡ, ಒಂದು ಬಲ. ಮ್ಯಾನೇಜರು ಇನ್ನೂ ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಕರೆಯಬಹುದಿತ್ತು. ಮಧ್ಯಾಹ್ನ ಹೇಳಬಹುದಿತ್ತು. ಮಧ್ಯಾಹ್ನದ ಹೊತ್ತಿಗೆ ಆದೇಶವಾಗಿಬಿಟ್ಟಿತ್ತು. ಗಾಜಿನ ಪಕ್ಕ ಹೊಲಿಗೆ ಬೇಡ, ನಾಳೆಯಿಂದ ಮೇಲಿನ ಕೋಣೆ. ಹೊಲಿಗೆಯಕ್ಕ ತನ್ನ ಮೇಲಿನ ಆರೋಪಕ್ಕೆ ಎದುರಾಡದೆ ಕತ್ತರಿ, ಸೀಮೆಸುಣ್ಣ, ಅಳತೆ ಪಟ್ಟಿ ಎಲ್ಲ ಒಂದು ಡಬ್ಬಿಗೆ ತುಂಬಿದಳು. ಹೊಲಿಗೆ ಮಿಷನ್ನನ್ನು ಮೇಲೆ ಹೊತ್ತವರು ಯಾರು? ಅವನೇ. ಒಂದು ತುದಿ ಅವನು, ಇನ್ನೊಂದು ತುದಿ ಅವಳು, ಇಪ್ಪತ್ತೆರಡು ಮೆಟ್ಟಿಲು. ಮೇಲೆ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದಾಗ ಅವಳು, "ಪಾಪ, ನಿಮಗೆ ತೊಂದರೆ ಕೊಟ್ಟೆ ಗೊಂಬೆಯಣ್ಣ," ಎಂದಿದ್ದಳು. ಆ ಮಾತು ಕೇಳಿ ನೆಲ ಬಾಯಿ ಬಿಡಬಾರದೇ ಅನ್ನಿಸಿತ್ತು. ಅದುವರೆಗೆ ಪ್ರತಿ ದಿನ ಮೂರು ಗಂಟೆಗೆ ಅವಳ ಫ್ಲಾಸ್ಕಿನ ಚಹಾವನ್ನು ಇಬ್ಬರೂ ಇಸ್ತ್ರಿ ಮೇಜಿಗೆ ಒರಗಿ ಕುಡಿಯುತ್ತಿದ್ದರು, ಗಿರಾಕಿಗಳನ್ನು ಆಡಿಕೊಳ್ಳುತ್ತಿದ್ದರು, ಮ್ಯಾನೇಜರು ಕೆಮ್ಮಿದ ಹಾಗೆ ಕೆಮ್ಮಿ ನಗುತ್ತಿದ್ದರು. ಆ ದಿನದ ನಂತರ ಅವನು ಆ ಮೆಟ್ಟಿಲು ಹತ್ತಲಿಲ್ಲ. ಬಟ್ಟೆ ಬೇಕಿದ್ದರೆ ಚೀಟಿ ಬರೆದು ಕಳಿಸುತ್ತಿದ್ದ. ಯಾವ ಮುಖ ಹೊತ್ತುಕೊಂಡು ಹೋಗುವುದು?

ಮುರಿದ ಕೈಯನ್ನು ಅವನು ಕದ್ದು ಮನೆಗೆ ಒಯ್ದಿದ್ದ, ಅದಕ್ಕೆ ಬದಲಿ ಸಿಗಲಿಲ್ಲ. ಗೋದಾಮಿನಲ್ಲಿ, ಸೊಂಟ ಮುರಿದು ಮೂಲೆಗೆ ಸೇರಿದ್ದ ನಾಲ್ಕನೆಯವಳ ಒಂದು ಕೈ ಸಿಕ್ಕಿತು. ಎಡಗೈ. ಭುಜದ ತಿರುಪು ಸರಿಯಾಗಿ ಕೂತಿತು, ಅಂಗೈ ಮಾತ್ರ ಹೊರಗೆ ತಿರುಗಿತು. ಅವನು ಏಳನೆಯವಳನ್ನು ಗಾಜಿನ ಕೊನೆಗೆ ಸರಿಸಿ, ಬಲ ಮಗ್ಗುಲು ಗೋಡೆಯತ್ತ ಬರುವಂತೆ ನಿಲ್ಲಿಸಿದ. ಮ್ಯಾನೇಜರು "ಪರವಾಗಿಲ್ಲ, ಚೆನ್ನಾಗಿ ಸರಿ ಮಾಡಿದ್ದೀಯ," ಎಂದು ಬೆನ್ನು ತಟ್ಟಿದರು. ರಸ್ತೆಯಲ್ಲಿ ಹೋಗುವವರು ಕೋಟು ನೋಡಿದರು, ಬೆಲೆ ನೋಡಿದರು, ಗಾಜಿನಲ್ಲಿ ತಮ್ಮ ತಲೆಗೂದಲು ನೋಡಿಕೊಂಡರು. ಕೈ ಯಾರೂ ನೋಡಲಿಲ್ಲ. ಆದರೆ ಅಂದಿನಿಂದ ಇನ್ನೊಂದು ವಿಚಿತ್ರ ಶುರುವಾಯಿತು. ಮೇಲಿನ ಕೋಣೆಯಿಂದ ಏಳನೆಯವಳ ಅಳತೆಗೆ ಸರಿಮಾಡಿ ಬರುತ್ತಿದ್ದ ಪ್ರತಿಯೊಂದು ಬಟ್ಟೆಯ ಬಲ ತೋಳು ಎರಡು ಬೆರಳಿನಷ್ಟು ಹೆಚ್ಚು ಉದ್ದ. ಮೊದಲ ಸಲ ಅಳತೆ ತಪ್ಪಿರಬೇಕೆಂದುಕೊಂಡ. ಎರಡನೆಯ ಸಲ, ಮೂರನೆಯ ಸಲವೂ ಹಾಗೇ ಬಂದಾಗ ಅವನೇ ಕಾರಣ ಹುಡುಕಿಕೊಂಡ. ಮೇಲೆ ಬೆಳಕು ಸಾಲದು, ಅವಳ ಕಣ್ಣು ಮಂಜಾಗುತ್ತಿದೆ, ಅಥವಾ ಮನಸ್ಸು ಮುರಿದಿದೆ, ಎಲ್ಲ ನನ್ನಿಂದ. ಮ್ಯಾನೇಜರು ನೋಡಿದರೆ ಇನ್ನೊಂದು ಬೈಗುಳ ಖಂಡಿತ. ಅವನು ಆ ಎರಡು ಬೆರಳು ಬಟ್ಟೆಯನ್ನು ಒಳಕ್ಕೆ ಮಡಿಚಿ, ಒಳಗಿನಿಂದ ಮೂರು ಗುಂಡುಸೂಜಿ ಚುಚ್ಚಿ, ಹೊರಗೆ ಏನೂ ಕಾಣದಂತೆ ಮಾಡುತ್ತಿದ್ದ. ವಾರ ವಾರವೂ, ವರ್ಷ ವರ್ಷವೂ. ಯಾರಿಗೂ ಹೇಳಲಿಲ್ಲ. ಮಾಡಿದ ತಪ್ಪಿಗೆ ಇಷ್ಟಾದರೂ ಮಾಡುತ್ತಿದ್ದೇನಲ್ಲ ಎಂದು, ಆ ಮೂರು ಸೂಜಿ ಚುಚ್ಚಿದ ದಿನ ಅವನಿಗೆ ಊಟ ಸ್ವಲ್ಪ ರುಚಿಸುತ್ತಿತ್ತು.

ಪ್ರದರ್ಶನದ ಬಾಗಿಲಲ್ಲಿ ಕಾವಲುಗಾರ ಚೀಲ ತೆರೆಯಲು ಹೇಳಿದ. ಇದೊಂದು ಬಾಕಿ ಇತ್ತು ಅಂದುಕೊಂಡು ತೆರೆದ. ಒಳಗೆ ಇಣುಕಿದ ಕಾವಲುಗಾರ ಸರ್ರನೆ ಹಿಂದೆ ಸರಿದು, ಮತ್ತೆ ಇಣುಕಿ, ಆಮೇಲೆ ಧ್ವನಿ ತಗ್ಗಿಸಿ, "ಕಲಾವಿದರಾ ಸಾರ್?" ಎಂದ. "ಅಲ್ಲಪ್ಪ," ಎನ್ನುವಷ್ಟರಲ್ಲಿ ಕಾವಲುಗಾರ ಬಾಗಿಲನ್ನೇ ತೆರೆದು ಹಿಡಿದು ನಿಂತ. ಮೂವತ್ತು ವರ್ಷದಲ್ಲಿ ಯಾರೂ ಅವನಿಗೆ ಬಾಗಿಲು ಹಿಡಿದಿರಲಿಲ್ಲ. ಹಿಡಿದದ್ದು ಇವತ್ತು, ಕದ್ದು ತಂದ ಕೈಗೆ. ಕಿವಿ ಬಿಸಿಯಾಗಿ ಒಳಗೆ ಹೋದ.

ಒಳಗೆ ಬಿಳಿ ಗೋಡೆಗಳು, ತಣ್ಣನೆಯ ಗಾಳಿ, ಪಿಸುಮಾತು. ಗೋಡೆಯ ತುಂಬ ಅವನ ಗೊಂಬೆಗಳು. ಅವನ ಗೊಂಬೆಗಳೇ ಹೌದು, ಆದರೆ ಇವು ಯಾರು? ಕೂದಲಿಲ್ಲದ ಒಂದು ತಲೆ ಕಿಟಕಿಯ ಬೆಳಕಿಗೆ ಮುಖವೊಡ್ಡಿ, ಈಗಷ್ಟೇ ಯಾರೋ ಬೈದು ಹೋದ ಹಾಗೆ ಕೂತಿದೆ. ಕೈಯಿಲ್ಲದ ಮೂರು ಮೈಗಳು ಬಾಗಿಲ ಸಂದಿಯಿಂದ ಇತ್ತ ಇಣುಕುತ್ತಿವೆ. ಒಂದರ ಕುತ್ತಿಗೆಯ ಸುತ್ತ ಎರಕದ ಅಚ್ಚಿನ ಗೆರೆ. ಸಾವಿರ ಸಲ ಅವನು ಒರೆಸಿದ ಗೆರೆ, ಫೋಟೋದಲ್ಲಿ ನೋಡಿದರೆ ಮೈ ಜುಮ್ಮೆನ್ನುತ್ತದೆ. ಕಣ್ಣುಗಳಂತೂ, ಅವನೇ ಸಣ್ಣ ಕುಂಚದಿಂದ ವರ್ಷಕ್ಕೊಮ್ಮೆ ಬಣ್ಣ ತುಂಬಿದ ಕಣ್ಣುಗಳು, ಎಲ್ಲಿ ನಿಂತರೂ ಅವನನ್ನೇ ನೋಡುತ್ತಿದ್ದವು. ಆ ಸೋಮವಾರವೂ ಇವರೆಲ್ಲ ಅಲ್ಲೇ ಇದ್ದರಲ್ಲ. ಕೈ ಬಿದ್ದದ್ದು, ಎತ್ತಿ ಇಟ್ಟದ್ದು, ಸೂಜಿ ಕಚ್ಚಿಕೊಂಡು ಕೂತದ್ದು, ಎಲ್ಲ ಕಂಡವರು. ಇಷ್ಟು ವರ್ಷ ತುಟಿ ಪಿಟಕ್ಕೆನ್ನದೆ ಇದ್ದವರು ಈಗ ಚೌಕಟ್ಟಿನೊಳಗೆ ಕೂತು ಸಾಕ್ಷಿ ಹೇಳುತ್ತಿದ್ದಾರೆ. ಗಡ್ಡದವನೊಬ್ಬ ಪಕ್ಕದವಳಿಗೆ ಅಸ್ತಿತ್ವದ ತಲ್ಲಣ ಅಂತೇನೋ ಹೇಳುತ್ತಿದ್ದ. ಅವಳು "ಅಬ್ಬಾ, ನನಗಂತೂ ಭಯ ಆಗುತ್ತೆ," ಎಂದು ಶಾಲು ಹೊದ್ದುಕೊಂಡಳು.

ಕೊನೆಯ ಗೋಡೆಯಲ್ಲಿ ಆ ಕೈ ಇತ್ತು, ನೆಲದಿಂದ ಸೂರಿನವರೆಗೆ. ಅದರ ಮುಂದಿನ ಬೆಂಚಿನ ಮೇಲೆ ಹೊಲಿಗೆಯಕ್ಕ ಕೂತಿದ್ದಳು.

ತಡವಾಗಿಹೋಗಿತ್ತು. ಬೆನ್ನು ಕಾಣುತ್ತಿತ್ತು, ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕನ್ನಡಕವನ್ನು ಹಣೆಗೇರಿಸಿ, ಕತ್ತು ಒಂದಿಷ್ಟು ಓರೆ ಮಾಡಿ, ಬಟ್ಟೆಯ ಎಳೆ ನೋಡುವ ಹಾಗೆಯೇ ನೋಡುತ್ತಿದ್ದಳು. ವಾಪಸು ಹೋಗಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಕಾಲು ಅರ್ಧ ತಿರುಗಿಯೂ ಬಿಟ್ಟಿತು. ಆಗ ಅವಳು ತಿರುಗದೆಯೇ, "ಬನ್ನಿ ಗೊಂಬೆಯಣ್ಣ, ಕೂತ್ಕೊಳ್ಳಿ. ಆ ಚಪ್ಪಲಿ ಎಳೆಯೋ ಸದ್ದು ಇನ್ನೂ ಬಿಟ್ಟಿಲ್ಲ ನೋಡಿ ನೀವು," ಎಂದಳು.

ಅವನು ಕೂರಲಿಲ್ಲ. ಎಂಟು ದಿನದಿಂದ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಚೆಲ್ಲಾಪಿಲ್ಲಿಯಾಯಿತು. "ಅಕ್ಕ, ಅದು ನಾನು. ಕೈ ಮುರಿದದ್ದು ನಾನು. ನಿಮ್ಮ ಮೇಜಿನ ಮೇಲಿಟ್ಟದ್ದೂ ನಾನೇ. ಮ್ಯಾನೇಜರು ಕೇಳಿದಾಗ ಬಾಯಿ ಬಿಡಲಿಲ್ಲ. ನಿಮ್ಮನ್ನ ಮೇಲಿನ ಕೋಣೆಗೆ ಹಾಕಿದ್ರು, ಆಗಲೂ ಬಿಡಲಿಲ್ಲ," ಎಂದು ಒಂದೇ ಉಸಿರಿಗೆ ಹೇಳಿದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು; ಭಂಡ ನಾಲಿಗೆ, "ಬಾಯಲ್ಲಿ ಸೂಜಿ ಇತ್ತು," ಎಂದೂ ಸೇರಿಸಿಬಿಟ್ಟಿತು.

ಹೊಲಿಗೆಯಕ್ಕ ಈಗ ತಿರುಗಿ ನೋಡಿದಳು. "ಹದಿನಾಲ್ಕು ವರ್ಷವೂ ಇತ್ತಾ?"

ಅವನು ತಲೆ ತಗ್ಗಿಸಿದ. ಕಣ್ಣಲ್ಲಿ ನೀರು ತುಂಬಿಕೊಂಡಿತು. ಈ ವಯಸ್ಸಿನಲ್ಲಿ, ಇಷ್ಟು ಜನರ ನಡುವೆ, ಅಯ್ಯೋ ದೇವರೇ. "ಕೂತ್ಕೊಳ್ಳಿ ಅಂದೆ," ಎಂದು ಅವಳು ಅಂಗಿಯ ತೋಳು ಹಿಡಿದು ಎಳೆದು ಕೂರಿಸಿದಳು. "ನನಗೆ ಗೊತ್ತಾಗಿಲ್ಲ ಅಂದ್ಕೊಂಡ್ರಾ? ಮೂರನೇ ದಿನ ಊಟದ ಹೊತ್ತಿಗೆ ರಸ್ತೆ ಕಡೆಯಿಂದ ಬಂದೆ, ಗಾಜಿಗೆ ಮೂಗು ಒತ್ತಿ ನೋಡಿದೆ. ಎರಡೂ ಎಡಗೈ! ರಸ್ತೆಯಲ್ಲೇ ನಿಂತು ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆ. ನಾನು ಮುರಿದಿಲ್ಲ, ಮ್ಯಾನೇಜರಿಗೆ ಗೊಂಬೆ ಬಿಚ್ಚೋಕೆ ಬರಲ್ಲ, ಇನ್ನು ಉಳಿದವರು ಯಾರು?"

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮನ್ನ ಮನೆಗೆ ಕಳಿಸ್ತಿದ್ರು. ನನ್ನನ್ನ ಮೇಲೆ ಕಳಿಸಿದ್ರು, ಅಷ್ಟೇ ತಾನೇ. ಅಲ್ಲಿ ಗಾಳಿ ಇತ್ತು, ಕಾಲು ಚಾಚಿ ಕೂರಬಹುದಿತ್ತು, ಗಾಜಿನ ಹತ್ತಿರ ಕೂತು ಊರವರ ಕಣ್ಣಿಗೆಲ್ಲ ನಾನೂ ಒಂದು ಗೊಂಬೆ ಆಗೋದು ತಪ್ಪಿತು. ಮೇಲೆ ಹೋದದ್ದಕ್ಕೆ ನನಗೆ ಬೇಜಾರೇ ಇಲ್ಲ." ಅವಳು ಕನ್ನಡಕ ಇಳಿಸಿ ಮತ್ತೆ ಗೋಡೆಯ ಕಡೆ ನೋಡಿದಳು. "ನಿಮ್ಮ ಗುಟ್ಟು ಬೇರೆಯವರಿಗೆ ತಿಳೀಬಾರದು ಅಂತ ನಾನೇ ಪ್ರತಿ ಸಲ ಅವಳ ಬಲ ತೋಳು ಎರಡು ಬೆರಳು ಉದ್ದ ಬಿಡ್ತಿದ್ದೆ. ಅಂಗೈ ಮುಚ್ಚಿಹೋಗಲಿ ಅಂತ. ಈಗ ಅರ್ಧ ಗಂಟೆಯಿಂದ ಅದನ್ನೇ ನೋಡ್ತಾ ಕೂತಿದ್ದೀನಿ, ನಾನು ಬಿಟ್ಟ ಬಟ್ಟೆ ಎಲ್ಲಿ ಹೋಯ್ತು?"

ಅವನು ತಲೆಯೆತ್ತಿದ. ಗೋಡೆಯಷ್ಟು ದೊಡ್ಡ ಕೋಟಿನ ತೋಳು. ಕ್ಯಾಮೆರಾ ಕೆಳಗಿನಿಂದ ನೋಡಿತ್ತು, ತೋಳಿನ ಬಾಯೊಳಗೆ ಬೆಳಕು ಬಿದ್ದಿತ್ತು. ಅಲ್ಲಿ ಒಳಕ್ಕೆ ಮಡಿಚಿದ ಎರಡು ಬೆರಳು ಬಟ್ಟೆ, ಅದರ ಅಂಚಿಗೆ ಅವಳ ಸಣ್ಣ ಸಮನಾದ ಹೊಲಿಗೆ, ಅದರ ಮೇಲೆ ಒಂದೊಂದೂ ಮೊಳ ಉದ್ದದ, ತುಕ್ಕು ಹಿಡಿದ ಮೂರು ಗುಂಡುಸೂಜಿ.

"ನಾನೇ," ಎಂದ ಅವನು. "ನಾನೇ ಮಡಿಚ್ತಿದ್ದೆ. ನಿಮ್ಮ ಅಳತೆ ತಪ್ತಾ ಇದೆ ಅಂದ್ಕೊಂಡೆ. ಕಣ್ಣು ಹೋಗ್ತಿದೆ ಅಂತ. ಮ್ಯಾನೇಜರು ಬೈತಾರೆ ಅಂತ ಹೆದರಿ ಒಳಗಿಂದ ಸೂಜಿ ಹಾಕ್ತಿದ್ದೆ."

"ನನ್ನ ಅಳತೆ ತಪ್ಪೋದಾ?" ಹೊಲಿಗೆಯಕ್ಕನಿಗೆ ಮೊದಲ ಬಾರಿಗೆ ನಿಜವಾಗಿ ಸಿಟ್ಟು ಬಂತು. "ಬುದ್ಧಿ ಎಲ್ಲಿಟ್ಟಿದ್ರಿ ಮಾರಾಯ್ರೇ? ನಿಮ್ಮ ಮರ್ಯಾದೆ ಮುಚ್ಚಲಿ ಅಂತ ನಾನು ಬಟ್ಟೆ ಬಿಡೋದು, ನನ್ನ ಮರ್ಯಾದೆ ಉಳಿಸೋಕೆ ನೀವು ಅದನ್ನ ಮಡಿಚೋದು! ಅಂಗಡಿ ಮುಚ್ಚೋ ತನಕ, ಹನ್ನೆರಡು ವರ್ಷ! ಒಂದು ಸಲ ಮೆಟ್ಟಿಲು ಹತ್ತಿ ಬಂದು, ಅಕ್ಕ, ತೋಳು ಯಾಕೆ ಉದ್ದ ಅಂತ ಕೇಳಿದ್ರೆ ಮುಗೀತಿತ್ತಲ್ಲ!" ಅಷ್ಟು ಹೇಳಿ ಅವಳು ಅವನ ಮುಖ ನೋಡಿದಳು, ಗೋಡೆ ನೋಡಿದಳು, ಮತ್ತೆ ಅವನ ಮುಖ ನೋಡಿದಳು. ಆಮೇಲೆ ಅವಳ ಹೆಗಲು ಅಲುಗತೊಡಗಿತು. ನಗು ಮೊದಲು ಅವಳಿಗೆ ಬಂತು, ಅವನಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು, ಬಂದ ಮೇಲೆ ನಿಲ್ಲಲಿಲ್ಲ. ಅಳುವೂ ಅದರಲ್ಲೇ ಸೇರಿಕೊಂಡಿತು. ಗಡ್ಡದವನು ತಲ್ಲಣವನ್ನು ಅರ್ಧಕ್ಕೆ ನಿಲ್ಲಿಸಿ ತಿರುಗಿ ನೋಡಿದ. ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋದ ಹಾಗೆ, ಉಸಿರು ಹೊಟ್ಟೆಯ ತನಕ ಹೋಗಿ ಬಂತು. ಎಷ್ಟು ದಿನವಾಗಿತ್ತು ಹೀಗೆ ಉಸಿರಾಡಿ.

ಸದ್ದು ಕೇಳಿ ಫೋಟೋದ ಹುಡುಗಿ ಓಡಿಬಂದಳು. ಅಜ್ಜನ ಅಂಗಡಿಯಲ್ಲಿ ಅವಳು ಗೊಂಬೆಗಳ ಕಾಲಿನ ಸಂದಿಯಲ್ಲಿ ಆಡಿ ಬೆಳೆದವಳು. "ಅಂಕಲ್, ಬಂದ್ರಲ್ಲ! ನಿಮ್ಮನ್ನೇ ಕೇಳಬೇಕಿತ್ತು. ಈ ಕೈ ನೋಡಿ ನನಗೆ ಒಂದು ವಾರ ನಿದ್ದೆ ಬರಲಿಲ್ಲ. ನೀವು ಹಾಕಿದ ಬಟ್ಟೆ, ಹಾಗೇ ಬಿಟ್ಟಿದ್ದೀನಿ, ಒಂದು ಸೂಜಿಯನ್ನೂ ಮುಟ್ಟಿಲ್ಲ. ಇದು ಬೇಕಂತಲೇ ಮಾಡಿದ್ದಾ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಹೊಲಿಗೆಯಕ್ಕ, ಕಣ್ಣೊರೆಸಿಕೊಳ್ಳುತ್ತಲೇ, "ಹೂಂ ಮಗಾ, ಬೇಕಂತಲೇ. ನಾವಿಬ್ಬರೂ ಸೇರಿ ಮಾಡಿದ್ದು," ಎಂದಳು. ಹುಡುಗಿ "ಅದ್ಭುತ," ಎಂದು ಪುಸ್ತಕದಲ್ಲಿ ಏನೋ ಬರೆದುಕೊಂಡು ಗಡ್ಡದವನಿಗೆ ಹೇಳಲು ಹೋದಳು.

ಅವನು ಚೀಲ ಬಿಚ್ಚಿ ಆ ಬಲಗೈಯನ್ನು ಹೊರತೆಗೆದ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ತೆರೆದು ತೋರಿಸಿದ. ಒಳಗೆ ಹತ್ತಿಯ ಮೇಲೆ ಎರಡು ಬೆರಳು. "ಅಯ್ಯೋ ನಿಮ್ಮ!" ಎಂದು ಹೊಲಿಗೆಯಕ್ಕ ಮತ್ತೆ ನಗಲು ಶುರುಮಾಡಿ, ನಡುವೆಯೇ ಸುಮ್ಮನಾದಳು. ಮಣಿಕಟ್ಟನ್ನು ಹಿಡಿದು, ಅಭ್ಯಾಸ ಬಲದಿಂದ ಹೆಬ್ಬೆರಳು ತೋರುಬೆರಳಿನಲ್ಲಿ ಸುತ್ತಳತೆ ನೋಡಿದಳು. "ಒಂದು ಮಾತು ಹೇಳ್ತೀನಿ, ಕೇಳಿ," ಎಂದಳು. "ಕೈ ಮುರಿದದ್ದು ನಾನು ಅವತ್ತೇ ಮರೆತೆ. ಬಾಯಿ ಬಿಡದೇ ಇದ್ದದ್ದನ್ನೂ ಒಂದು ವಾರದಲ್ಲಿ ಮರೆತೆ. ಇವತ್ತಲ್ಲ ನಾಳೆ ಮೂರು ಗಂಟೆಗೆ ಬರ್ತಾರೆ ಅಂತ ದಿನಾ ಎರಡು ಲೋಟ ತೊಳೆದಿಡ್ತಿದ್ದೆ. ನೀವು ಬರಲಿಲ್ಲ. ನಾನೇನು ತಪ್ಪು ಮಾಡಿದೆ, ನನ್ನ ಮೇಲೆ ಯಾಕೆ ಸಿಟ್ಟು ಅಂತ ಎಷ್ಟು ಯೋಚನೆ ಮಾಡಿದ್ದೀನಿ ಗೊತ್ತಾ? ಅದೊಂದಕ್ಕೆ ಮಾತ್ರ ನಿಮ್ಮನ್ನ ಬೈಬೇಕು ಅಂತಲೇ ಇವತ್ತು ಬಂದದ್ದು."

ಹದಿನಾಲ್ಕು ವರ್ಷ ತಾನು ಹೊತ್ತು ತಿರುಗಿದ ತಪ್ಪು ತಪ್ಪೇ ಆಗಿರಲಿಲ್ಲ, ತಪ್ಪೆಂದೇ ಗೊತ್ತಿಲ್ಲದೆ ಮಾಡಿದ್ದು ಅವಳಿಗೆ ತಾಗಿತ್ತು. "ಬೈಯಿರಿ ಅಕ್ಕ," ಎಂದ. "ಬೈತೀನಿ, ಬೈತೀನಿ, ಬಿಡ್ತೀನಾ? ಈಗ ಎಷ್ಟು ಗಂಟೆ?" ಗೋಡೆಯ ಗಡಿಯಾರ ಮೂರಕ್ಕೆ ಐದು ನಿಮಿಷವಿದೆ ಎನ್ನುತ್ತಿತ್ತು. ಹೊಲಿಗೆಯಕ್ಕ ತನ್ನ ಚೀಲದಿಂದ ಎರಡು ಲೋಟ, ಒಂದು ಫ್ಲಾಸ್ಕು ತೆಗೆದಳು. ಅದೇ ಹಳೆಯ ಫ್ಲಾಸ್ಕು, ಮುಚ್ಚಳ ಮಾತ್ರ ಬೇರೆ ಯಾವುದರದೋ. ಕಾವಲುಗಾರ ದೂರದಿಂದ, ಇಲ್ಲಿ ಕುಡಿಯುವ ಹಾಗಿಲ್ಲ ಎಂದು ಬೆರಳಾಡಿಸುತ್ತ ಬಂದವನು, ಬೆಂಚಿನ ಮೇಲಿನವರ ನಡುವೆ ಮೂರನೆಯ ಕೈಯೊಂದನ್ನು ಕಂಡು, ಇದೂ ಪ್ರದರ್ಶನದ ಭಾಗವೇ ಇರಬೇಕೆಂದು ಹಿಂದಕ್ಕೆ ಹೋದ. ಅವಳು ಎರಡು ಲೋಟಕ್ಕೂ ಬಗ್ಗಿಸಿ ಒಂದನ್ನು ಅವನತ್ತ ಚಾಚಿದಳು. ಬಲಗೈಯಲ್ಲಿ ಗೊಂಬೆಯ ಕೈ ಹಿಡಿದಿದ್ದ ಅವನು ಇನ್ನೊಂದು ಕೈ ಮುಂದೆ ಮಾಡಿದ. ಅವಳು ಲೋಟ ಬಿಡಲಿಲ್ಲ.

"ಮತ್ತೆ ಎಡಗೈಯಾ?" ಎಂದಳು.

ಅವನು ಗೊಂಬೆಯ ಕೈಯನ್ನು ಅವಳ ಮಡಿಲಿಗಿಟ್ಟು, ತನ್ನ ಬಲಗೈ ಚಾಚಿ ಲೋಟ ತೆಗೆದುಕೊಂಡ. ಚಹಾ ಇನ್ನೂ ಬಿಸಿಯಾಗಿತ್ತು.